ಖುರ್ರಮಶಹರದಲ್ಲಿಟ್ಟ ಅಮಾನತ್ತು

ಹಾನಗಲ್ಲ

ಪರದೇಶಕ್ಕೆ ಹೋಗಿ ಬಂದವರು ಊರಿಗೆ ಮರಳಿದ ಮೇಲೆ ನಾಲ್ಕು ದಿನ ದೊಡ್ಡ ಮನುಷ್ಯರಾಗಿ ಓಡಾಡುತ್ತಾರೆ. ನಾನು ಇರಾಣಕ್ಕೆ ಹೋಗಿ ಬಂದವನು, ಹತ್ತು ವರ್ಷ ಬಾಯಿ ಬಿಡಲಿಲ್ಲ. ಕೇಳಿದವರಿಗೆ ಸಮುದ್ರ ಉಪ್ಪಾಗಿದೆ, ಖರ್ಜೂರ ಸಿಹಿಯಾಗಿದೆ ಎಂದು ಹೇಳಿ ಸಾಗಹಾಕಿದೆ. ಯಾರ ಸಲುವಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅವಳು ಈಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ಹಾನಗಲ್ಲಿನ ತಾಲೂಕು ಕಚೇರಿಯಲ್ಲಿ ಕಾರಕೂನ. ಅದಕ್ಕೂ ಮೊದಲು ಹಿರೇಕೆರೂರಿನಲ್ಲಿದ್ದೆ. ಅಲ್ಲಿಂದ ವರ್ಗವಾಗಿ ಬಂದ ಮೇಲೆ ಅಲ್ಲಿಯ ಕಪಾಟಿನಲ್ಲಿ ಒಂದು ದಫ್ತರ ಕಾಣೆಯಾಗಿದೆ ಎಂದು ಗೊತ್ತಾಯಿತು. ಕಪಾಟಿನ ಕೀಲಿಕೈ ನಾಲ್ಕು ಜನರ ಹತ್ತಿರವಿತ್ತು, ಹೆಸರು ಮಾತ್ರ ನನ್ನೊಬ್ಬನದು ಬಂತು. ಶಿಗ್ಗಾಂವಿಗೆ ಬಂದಿದ್ದ ಸಾಹೇಬರ ಮುಂದೆ ಚೌಕಶಿ ಸುರುವಾಯಿತು. ಅದು ಮುಗಿಯುವವರೆಗೆ ನನ್ನನ್ನು ಅಮಾನತ್ತಿನಲ್ಲಿಟ್ಟರು. ಕೆಲಸದಿಂದ ತೆಗೆದದ್ದೂ ಅಲ್ಲ, ಇಟ್ಟುಕೊಂಡದ್ದೂ ಅಲ್ಲ. ಯಾರೋ ಮರೆತುಹೋದ ಛತ್ರಿಯನ್ನು ಕಚೇರಿಯ ಮೂಲೆಯಲ್ಲಿ ನಿಲ್ಲಿಸಿರುತ್ತಾರಲ್ಲ, ಹಾಗೆ. ಕಚೇರಿಯಲ್ಲಿ ಆ ಶಬ್ದಕ್ಕೆ ಅಷ್ಟೇ ಅರ್ಥ.

ನನ್ನ ಮೂಲ ಊರು ಸವಣೂರು. ಹಾನಗಲ್ಲು ಇಂಗ್ರೇಜಿ ಸರಕಾರದ್ದು, ಸವಣೂರು ನವಾಬರದ್ದು. ಹಾಗೆ ನೋಡಿದರೆ ನಾನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಿಗೆ ವಾಪಸಾದ ದಿನವೇ ನನ್ನ ಪರದೇಶ ಪ್ರವಾಸ ಸುರುವಾಯಿತು ಎನ್ನಬೇಕು.

ಸವಣೂರು

ಮಹಬೂಬ ನನ್ನ ಕನ್ನಡ ಶಾಲೆಯ ಗೆಳೆಯ. ಬಡಿಗತನ ಕಲಿತು, ಯಾರದೋ ಮಾತು ಕೇಳಿ ಇರಾಣದ ಖುರ್ರಮಶಹರ ಬಂದರಕ್ಕೆ ಹೋದ. ಅಲ್ಲಿ ಒಬ್ಬ ಗುತ್ತೇದಾರನ ಕೈಕೆಳಗೆ ಖರ್ಜೂರ ತುಂಬುವ ಕಟ್ಟಿಗೆ ಪೆಟ್ಟಿಗೆ ಮಾಡುತ್ತಿದ್ದ. ಕಾಗದ ಕನ್ನಡದಲ್ಲಿ ಬರೆಯುತ್ತಿದ್ದ. ಅವನ ತಾಯಿ ಜೈನಾಬಿಗೆ ಓದು ಬರುತ್ತಿರಲಿಲ್ಲ, ಮನೆಯಲ್ಲಿ ಮತ್ಯಾರಿಗೂ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಹೀಗಾಗಿ ನಾನು ರಜೆಗೆ ಊರಿಗೆ ಬಂದಾಗಲೆಲ್ಲ ಕೂಡಿಟ್ಟ ಕಾಗದ ಓದಲು ನನಗೆ ಕರೆ ಬರುತ್ತಿತ್ತು. ನಾನು ಓದುವಾಗ ಒಂದಿಷ್ಟು ತಿದ್ದುತ್ತಿದ್ದೆ. ಜ್ವರ ಎಂದು ಬರೆದಿದ್ದರೆ ನೆಗಡಿ ಎಂದು ಓದುತ್ತಿದ್ದೆ. ಕಾಗದ ಓದುವವರೆಲ್ಲ ಮಾಡುವ ಕೆಲಸ ಇದು, ಯಾರೂ ತಪ್ಪೆಂದು ತಿಳಿಯುವುದಿಲ್ಲ.

ನಾನು ಊರಿಗೆ ಬಂದ ಎರಡನೆಯ ವಾರ ಒಂದು ಕಾಗದ ಬಂತು. ಅಕ್ಷರ ಮಹಬೂಬನದಲ್ಲ. ಧಾರವಾಡದ ಕಡೆಯ ಒಬ್ಬ ಫಿಟ್ಟರ್ ಬರೆದಿದ್ದ. ಬಂದರದಲ್ಲಿ ವಾಂತಿಭೇದಿ ಬಂದು ಮಹಬೂಬ ಎರಡು ದಿನದಲ್ಲಿ ತೀರಿಕೊಂಡ; ಆ ವಾರ ಹೋದವರು ಬಹಳ; ಉದ್ದಕ್ಕೆ ಒಂದೇ ಕಂದಕ ತೋಡಿ ಎಲ್ಲರನ್ನೂ ಒಟ್ಟಿಗೆ ಮಣ್ಣು ಮಾಡಿದರು; ತಾನೂ ದವಾಖಾನೆಯಲ್ಲಿ ಬಿದ್ದಿದ್ದ, ಮುಖ ಸಹ ನೋಡಲಿಲ್ಲ. ಇಷ್ಟೇ.

ತೀರಿಕೊಂಡ ಎಂಬುದನ್ನು ಓದಿದೆ. ಅದನ್ನು ತಿದ್ದಲು ಬರುವುದಿಲ್ಲ. ಜೈನಾಬಿ ಅಳಲಿಲ್ಲ. ಗೋಡೆಗೆ ಒರಗಿ ಕುಳಿತಳು. ಆಮೇಲೆ ಕೇಳಿದಳು.

"ತಮ್ಮಾ, ಅಲ್ಲೇ ಮಣ್ಣ ಕೊಟ್ಟರಂತೇನು? ಇಲ್ಲಾ ಅಮಾನತ್ ಇಟ್ಟಾರ?"

ಅವಳ ಮಾವ ಹೈದರಾಬಾದಿನಲ್ಲಿ ತೀರಿಕೊಂಡಾಗ ಹಾಗೆ ಮಾಡಿದ್ದರಂತೆ. ಇಟ್ಟಿಗೆಯ ಗೂಡು ಕಟ್ಟಿ ಅದರಲ್ಲಿ ಹೆಣವನ್ನಿಟ್ಟು, ಇಷ್ಟು ದಿನದ ವಾಯಿದೆ, ಅಲ್ಲಿಯವರೆಗೆ ಇವನು ನಿನ್ನ ಹತ್ತಿರ ಅಮಾನತ್ತು ಎಂದು ಭೂಮಿಗೆ ಬಾಯಿಬಿಟ್ಟು ಹೇಳುತ್ತಾರೆ. ಆರು ತಿಂಗಳ ಮೇಲೆ ತೆಗೆದು ಸವಣೂರಿಗೆ ತಂದರು. ಆಗ ಅವಳು ಹೊಸ ಸೊಸೆ. ಮುಖ ಇದ್ದ ಹಾಗೇ ಇತ್ತು ಎಂದು ಅವಳ ನಂಬಿಕೆ.

ಇದೆಲ್ಲ ನನಗೂ ಗೊತ್ತಿದ್ದ ಮಾತೇ. ಆ ಓಣಿಯಲ್ಲಿ ಬೆಳೆದವನು ನಾನು. ಕಾಗದ ನನ್ನ ಕೈಯಲ್ಲೇ ಇತ್ತು. ಕಂದಕ ಎಂಬ ಶಬ್ದದ ಮೇಲೆ ನನ್ನ ಹೆಬ್ಬೆರಳಿತ್ತು. "ಹೌದಮ್ಮಾ, ಅಮಾನತ್ ಇಟ್ಟಾರ" ಅಂದೆ.

ಅವಳು ಆಗ ಅತ್ತಳು. ಸಮಾಧಾನದ ಅಳು. ಒಳ್ಳೆಯ ಕೆಲಸ ಮಾಡಿದೆ ಎಂದೇ ನನಗೂ ಅನಿಸಿತು. ಮುಂದೆ ಹೆಣ ತರಿಸುವ ಅರ್ಜಿಗೆ ಬೇಕಾಗುತ್ತದೆ ಎಂದು ಹೇಳಿ ಕಾಗದವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಎರಡು ತಿಂಗಳಲ್ಲಿ ಅವಳು ಖಬರಸ್ತಾನದಲ್ಲಿ ಗಂಡನ ಗೋರಿಯ ಪಕ್ಕಕ್ಕೆ ಮಗನಿಗೆಂದು ಒಂದು ಕುಣಿ ತೋಡಿಸಿದಳು. ಅವಳ ತಮ್ಮ ಹುಸೇನಸಾಬ ಎಲೆಬಳ್ಳಿಯ ತೋಟದವನು, ನಾನು ಮಾಮಾ ಎಂದು ಕರೆಯುತ್ತಿದ್ದೆ. ಅವನು ಬಂದು ನನ್ನ ಕಟ್ಟೆಯ ಮೇಲೆ ಕುಳಿತ.

"ಚನ್ನಬಸು, ನಾ ಹೊಂಟೇನಿ ಇರಾಣಕ್ಕ. ಹುಡುಗನ್ನ ತರತೇನಿ. ನನಗ ಕಾಗದ ಪತ್ರ ತಿಳಿಯೂದಿಲ್ಲ. ನೀ ಹೆಂಗೂ ಖಾಲಿ ಕುಂತೀ. ಬಾ ನನ್ನ ಸಂಗಾಟ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಲೆಕ್ಕವೇ ಬೇರೆ ಇತ್ತು. ಹೆಣ ಅಗೆಯಲು ಅಪ್ಪಣೆ ಬೇಕು, ಅಪ್ಪಣೆಗೆ ಅರ್ಜಿ ಬೇಕು, ಅರ್ಜಿ ಕೊಟ್ಟಲ್ಲಿ ಸಾಹೇಬನಿರುತ್ತಾನೆ. ಸಾಹೇಬನಿದ್ದಲ್ಲಿ ಆಗುವುದಿಲ್ಲ ಎಂಬ ಉತ್ತರ ಇದ್ದೇ ಇರುತ್ತದೆ. ಸರಕಾರ ಬಿಡಲಿಲ್ಲ ಎಂದು ಇಬ್ಬರೂ ತಿರುಗಿ ಬರುವುದು, ನನ್ನ ಸುಳ್ಳನ್ನು ಯಾವನೋ ಸಾಹೇಬ ಹೊತ್ತುಕೊಳ್ಳುವುದು. ಹನ್ನೊಂದು ವರ್ಷ ಕಚೇರಿಯಲ್ಲಿ ದುಡಿದವನಿಗೆ ಈ ಭರವಸೆ ಬಹಳ ದೊಡ್ಡದು.

ಮುಂಬಯಿ

ಮಾಮಾ ಒಂದು ಬುಟ್ಟಿ ಸವಣೂರು ಎಲೆ ತಂದಿದ್ದ. ಮಹಬೂಬನನ್ನು ಅಮಾನತ್ತು ಇಟ್ಟ ಪುಣ್ಯವಂತರಿಗೆ ಕೊಡಲು ಎಂದ. ಬಾಳೆಯ ಪಟ್ಟೆ ಹಾಸಿ, ಒದ್ದೆ ಬಟ್ಟೆ ಸುತ್ತಿ, ದಿನಾ ಮುಂಜಾನೆ ಎಲ್ಲ ಎಲೆ ಬಿಚ್ಚುವನು. ಕೊಳೆತದ್ದನ್ನು ತೆಗೆದು, ಉಳಿದದ್ದನ್ನು ಮಗುಚಿ, ನೀರು ಚಿಮುಕಿಸಿ ಮತ್ತೆ ಕಟ್ಟುವನು. ಒಂದು ಎಲೆ ಕೆಟ್ಟರೆ ಪಕ್ಕದ್ದೂ ಕೆಡುತ್ತದಂತೆ. ರೈಲಿನಲ್ಲಿ, ಬೋರಿಬಂದರ ಸ್ಟೇಶನ್ನಿನ ಫಲಾಟಿನ ಮೇಲೆ, ಎಲ್ಲಿಯೂ ಈ ಕೆಲಸ ತಪ್ಪಲಿಲ್ಲ. ಮುಂಬಯಿಯ ಜನ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರೇ ಹೊರತು ಒಬ್ಬರೂ ನಿಂತು ನೋಡಲಿಲ್ಲ. ನಮ್ಮ ಕಡೆಯಾಗಿದ್ದರೆ ಹತ್ತು ಮಂದಿ ಸುತ್ತ ಕುಳಿತು ಎಲೆ ಮಗುಚುವುದು ಹೇಗೆಂದು ಮಾಮಾನಿಗೇ ಕಲಿಸುತ್ತಿದ್ದರು.

ಹಡಗಿಗಾಗಿ ಕಾಯುತ್ತ ಮುಸಾಫಿರಖಾನೆಯಲ್ಲಿ ಇಳಿದುಕೊಂಡೆವು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಅಲ್ಲಿ ಯಾರೂ ಬೇಡವೆನ್ನಲಿಲ್ಲ. ರೊಟ್ಟಿ ಚಟ್ನಿಯ ಗಂಟು ಬಿಚ್ಚಿದಾಗ ಪಕ್ಕದವರು ತಮ್ಮ ಮಾಂಸದ ಪಾತ್ರೆಯನ್ನು ತಾವೇ ದೂರ ಸರಿಸಿಕೊಂಡರು. ಕೊಂಕಣದ ಒಬ್ಬ ಮೌಲವಿ ನಮ್ಮ ಪ್ರಯಾಣದ ಕಾರಣ ಕೇಳಿದ. ಮಾಮಾ ಹೇಳಿದ್ದು ಕೇಳಿ ಅವನ ಮುಖ ಗಂಭೀರವಾಯಿತು. ಮಾಮಾನ ಹತ್ತಿರ ಉರ್ದುವಿನಲ್ಲಿ ಮಾತಾಡಿದ, ಸವಣೂರಿನವನಾದ್ದರಿಂದ ನನಗೂ ತಿಳಿಯಿತು.

ಅಮಾನತ್ತು ಅರಬಸ್ತಾನದ ಶಬ್ದ, ಫಾರಸಿಗೆ ಹೋಯಿತು, ಅಲ್ಲಿಂದ ಉರ್ದು, ಮರಾಠಿ, ನಿಮ್ಮ ಕಾನಡಿವರೆಗೆ ಬಂತು ಎಂದ. ಅದರ ಬೇರು ನಿರ್ಭಯ. ನನ್ನ ವಸ್ತು ನಿನ್ನ ಹತ್ತಿರ ಇದೆ, ನಾನು ನಿರ್ಭಯವಾಗಿ ಮಲಗಬಹುದು ಎಂದು ಅರ್ಥ. ಇಮಾನು ಅದೇ ಬೇರಿನದು. ನಮಾಜಿನ ಕೊನೆಗೆ ಅನ್ನುವ ಆಮೀನ್ ಅದೇ ಬೇರಿನದು. ನಂಬಿಕಸ್ತನಾದ ಅಮೀನನೂ ಅದೇ ಬೇರಿನವನು. ಒಂದೊಂದಕ್ಕೆ ಒಂದೊಂದು ಬೆರಳು ಮಡಚಿದ.

ಅಮೀನ ಎಂದರೆ ನಮ್ಮಲ್ಲಿ ಕೋರ್ಟಿನಿಂದ ಬಂದು ತಾಮ್ರದ ಹಂಡೆ ಜಪ್ತಿ ಮಾಡುವವನು. ಅವನು ನಂಬಿಕಸ್ತ ಎಂದು ಕೇಳಿ ನಗು ಬಂತು. ಮೌಲವಿಯ ಒಂದು ಬೆರಳು ಮಡಚದೇ ಉಳಿದಿತ್ತು. ಊರಲ್ಲಿ ದಿನಾ ಯಾರನ್ನಾದರೂ ಬೈಯುವ ಬೇಇಮಾನ ಎಂಬುದೂ ಅದೇ ಬೇರಿನದು. ಅದನ್ನು ಅವನು ಎಣಿಸಲಿಲ್ಲ, ನಾನು ಎಣಿಸಿಕೊಂಡೆ. ನಗು ಅಲ್ಲಿಗೇ ನಿಂತಿತು.

ಹಡಗು

ಹಡಗಿನಲ್ಲಿ ನಮಗೆ ಮೇಲ್ಗಡೆಯ ಬಯಲೇ ಗತಿ. ಮೊದಲ ಎರಡು ದಿನ ಕಾರಿಕೊಂಡೆ. ಮಾಮಾ ಜೀವಮಾನದಲ್ಲಿ ತೋಟದ ಬಾವಿಗಿಂತ ದೊಡ್ಡ ನೀರು ಕಂಡವನಲ್ಲ, ಅವನಿಗೆ ಏನೂ ಆಗಲಿಲ್ಲ. ಎಲೆ ಮಗುಚುತ್ತಾ, ನನ್ನ ತಲೆ ಹಿಡಿಯುತ್ತಾ ಇದ್ದ. ನನ್ನ ಲಿಂಗಪೂಜೆಗೆಂದು ದಿನಾ ತನ್ನ ಕುಡಿಯುವ ನೀರಿನಲ್ಲಿ ಅರ್ಧ ತೆಗೆದಿಡುತ್ತಿದ್ದ. ಅದನ್ನು ಕಂಡಾಗ ನನಗೆ ಕಾರುವುದೇ ವಾಸಿ ಎನಿಸುತ್ತಿತ್ತು.

ಕರಾಚಿಯಲ್ಲಿ ಒಬ್ಬ ಬಲೂಚಿ ಮುದುಕ ಹತ್ತಿದ. ಒಂದು ಗಂಟು, ಅದರ ಮೇಲೊಂದು ಜೋಡು ಚಪ್ಪಲಿ. ಮಾರನೆಯ ದಿನ ಬೆಳಿಗ್ಗೆ ಹೊಟ್ಟೆನೋವೆಂದು ಹಡಗಿನ ಡಾಕ್ಟರನನ್ನು ಕಾಣಲು ಹೊರಟ. ಅವನ ಮಾತು ನಮಗೆ ಬಾರದು, ನಮ್ಮದು ಅವನಿಗೆ ಬಾರದು. ಗಂಟನ್ನು ಮಾಮಾನ ಮುಂದಿಟ್ಟು, ಎದೆಯ ಮೇಲೆ ಕೈಯಿಟ್ಟು "ಅಮಾನತ್" ಅಂದ. ಮಾಮಾನೂ ಎದೆಯ ಮೇಲೆ ಕೈಯಿಟ್ಟುಕೊಂಡ. ಮುದುಕ ಹೋದ.

ಡಾಕ್ಟರ ಅವನನ್ನು ಮಲಗಿಸಿಕೊಂಡುಬಿಟ್ಟ. ಮಧ್ಯಾಹ್ನವಾದರೂ ಬರಲಿಲ್ಲ. ನೆರಳು ಆಚೆ ಸರಿಯಿತು. ಎಲ್ಲರೂ ಹಾಸಿಗೆ ಎಳೆದುಕೊಂಡು ನೆರಳಿನ ಹಿಂದೆ ಹೋದರು. ಮಾಮಾ ಏಳಲಿಲ್ಲ. ಕುಡಿಯುವ ನೀರು ಹಂಚುವ ಗಂಟೆ ಬಾರಿಸಿದರು, ಏಳಲಿಲ್ಲ.

"ಗಂಟು ತಗೊಂಡ ಈ ಕಡೆ ಬರ್ರಿ ಮಾಮಾ. ಸುಟ್ಟ ಹೋಗ್ತೀರಿ" ಅಂದೆ.

"ಅಂವ ಇಲ್ಲೇ ಇಟ್ಟಾನ. ಇಲ್ಲೇ ಹುಡುಕ್ಕೊಂಡ ಬರತಾನ."

"ಏನೈತಿ ಅದರಾಗ ಅಂಥಾದ್ದು? ಹರಕ ಅಂಗಿ ಇರಬೇಕು."

"ಏನರ ಇರಲಿ. ಅಂವ ಆ ಮಾತ ಅಂದ ಹೋಗ್ಯಾನ, ನಾ ಹೂಂ ಅಂದೇನಿ."

ಎಲೆಬುಟ್ಟಿಯನ್ನು ಮಾತ್ರ ನನ್ನ ಕೈಯಲ್ಲಿ ಕೊಟ್ಟು ನೆರಳಿಗೆ ಕಳಿಸಿದ. ಸಂಜೆ ಇಬ್ಬರು ಹಿಡಿದುಕೊಂಡು ಮುದುಕನನ್ನು ಕರೆತಂದರು. ಅವನು ಗಂಟನ್ನು ಬಿಚ್ಚಿಯೂ ನೋಡಲಿಲ್ಲ. ಜೋಡು ಮೆಟ್ಟಿಕೊಂಡು ಮಲಗಿದ. ಮಾಮಾನ ಹಣೆ, ಮೂಗು ಸುಲಿದು ಕೆಂಪಾಗಿದ್ದವು. ಅವನ ನೆತ್ತಿಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತೆ. ನಾನೂ ಹೀಗೇ ಒಂದು ಹೂಂ ಅಂದವನು. ಹೇಳಿಬಿಡಲೇ ಎಂದು ನಾಲಗೆಯವರೆಗೆ ಬಂತು. ಇನ್ನು ಮೂರು ದಿನದಲ್ಲಿ ಸಾಹೇಬ ಆಗುವುದಿಲ್ಲ ಎನ್ನುತ್ತಾನೆ, ಎಲ್ಲ ಮುಗಿಯುತ್ತದೆ ಎಂದು ನುಂಗಿಕೊಂಡೆ. ನನ್ನಂಥ ಹೇಡಿಗೆ ಯಾವಾಗಲೂ ಇನ್ನು ಮೂರು ದಿನ ಇರುತ್ತವೆ.

ಖುರ್ರಮಶಹರ

ಖರ್ಜೂರದ ಗಿಡಗಳ ನಡುವೆ ದೊಡ್ಡ ಹೊಳೆ, ಹೊಳೆಯ ದಂಡೆಗೆ ಹಡಗುಕಟ್ಟೆ. ಕಸ್ಟಮ್ಸಿನವನು ಎಲೆಬುಟ್ಟಿ ನೋಡಿ ಇದು ಯಾವ ಸೊಪ್ಪು ಎಂದು ಸನ್ನೆ ಮಾಡಿದ. ಮಾಮಾ ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಅವನ ಬಾಯಿಗೇ ಹಿಡಿದ. ಅವನು ಅಗಿದು, ರಸ ಕೆಂಪಗಾದದ್ದು ಕಂಡು ತನಗೇ ರಕ್ತ ಬಂತೆಂದು ಗಾಬರಿಯಾದ. ಅರ್ಧ ಗಂಟೆ ನಮ್ಮನ್ನು ಹಿಡಿದಿಟ್ಟರು. ಆಮೇಲೆ ಯಾರೋ ಹಿಂದೂಸ್ತಾನದ ಖಲಾಸಿ ಬಂದು ತಿಳಿಸಿ ಹೇಳಿ ಬಿಡಿಸಿದ. ಆ ಊರಲ್ಲಿ ಎಲ್ಲರೂ ಸಣ್ಣ ಗಾಜಿನ ಬಟ್ಟಲಲ್ಲಿ ಹಾಲಿಲ್ಲದ ಚಹಾ ಕುಡಿಯುತ್ತಾರೆ, ಸಕ್ಕರೆಯ ಹರಳನ್ನು ಹಲ್ಲಲ್ಲಿ ಕಚ್ಚಿ ಹಿಡಿದು. ಪರಿಚಯವಿಲ್ಲದ ನಮಗೂ ಮೂರು ಕಡೆ ಕುಡಿಸಿದರು. ನಮ್ಮ ಕಡೆ ಪರದೇಶದವನು ಬಂದರೆ ಮೊದಲು ಜಾತಿ ಕೇಳಿ ಆಮೇಲೆ ನೀರು ಕೊಡುತ್ತೇವೆ.

ನಮ್ಮವರ ಕೆಲಸ ನೋಡುವ ಒಬ್ಬ ಇಂಗ್ರೇಜಿ ಸಾಹೇಬನಿದ್ದ. ನಾನು ಮುಂಬಯಿಯಲ್ಲೇ ಅರ್ಜಿ ಬರೆದಿಟ್ಟಿದ್ದೆ. ಯಾರಾದರೂ ತಿರಸ್ಕರಿಸಲೇಬೇಕಾದಂಥ ಅರ್ಜಿ. ವಾರಸಾ ದಾಖಲೆ ಜೋಡಿಸಿರಲಿಲ್ಲ, ಡಾಕ್ಟರನ ದಾಖಲೆ ಇರಲಿಲ್ಲ, ಒಂದು ಕಡೆ ಸಹಿಯನ್ನೂ ಬಿಟ್ಟಿದ್ದೆ. ಸಾಹೇಬ ಅದನ್ನು ನಿಂತುಕೊಂಡೇ ಓದಿದ. ಮಾಮಾನ ಸುಲಿದ ಮುಖ ನೋಡಿದ. ಇಷ್ಟು ದೂರದಿಂದ ಬಂದಿದ್ದೀರಿ, ಗೋರಿ ಗುರುತು ಸಿಕ್ಕರೆ ತೆಗೆದುಕೊಂಡು ಹೋಗಿ, ಇಲ್ಲಿಯವರನ್ನು ನಾನು ಒಪ್ಪಿಸುತ್ತೇನೆ ಎಂದು ಅಲ್ಲಿಯೇ ಬರೆದು ಕೊಟ್ಟ. ನನ್ನ ನೌಕರಿಯಲ್ಲಿ ಒಂದೇ ದಿನಕ್ಕೆ ಮಂಜೂರಾದ ಅರ್ಜಿ ಅದೊಂದೇ.

"ನೋಡಪಾ, ನಿನ್ನ ಕೈಗುಣ" ಎಂದು ಮಾಮಾ ನನ್ನ ಬೆನ್ನು ತಟ್ಟಿದ.

ಕಾಗದ ಬರೆದ, ನಿಜ ಗೊತ್ತಿದ್ದ ಫಿಟ್ಟರ್ ಬಸರಾಕ್ಕೆ ಹೋಗಿದ್ದಾನೆಂದು ತಿಳಿಯಿತು. ಆಗ ನನಗೆ ಕೊನೆಯ ಧೈರ್ಯ ಬಂತು. ಖಬರಸ್ತಾನ ಕಾಯುವವನು ಇರಾಣಿ. ಅವನ ಫಾರಸಿ ಮಾಮಾನಿಗೆ ತಿಳಿಯುವುದಿಲ್ಲ, ಮಾಮಾನ ಉರ್ದು ಅವನಿಗೆ ತಿಳಿಯುವುದಿಲ್ಲ. ಯಾವುದೋ ಒಂದು ಗೋರಿ ತೋರಿಸಿ, ವಾಯಿದೆ ಮುಗಿದಿದೆ, ತೆಗೆಯಬಾರದು ಅಂತಾನೆ ಎಂದು ನಾನೇ ಹೇಳಿಬಿಡುವುದು.

ಕಾವಲುಗಾರ ನರೆತ ಗಡ್ಡದವನು, ಕೈಯಲ್ಲಿ ಸಲಿಕೆ. ಮಾಮಾ ನನ್ನನ್ನು ಕಾಯಲೇ ಇಲ್ಲ. ನೇರವಾಗಿ ಹೋಗಿ ಎದೆಯ ಮೇಲೆ ಕೈಯಿಟ್ಟು "ಹಿಂದೂಸ್ತಾನಿ. ಮಹಬೂಬ. ಅಮಾನತ್" ಅಂದ.

ಅವನಿಗೆ ಮೂರೂ ತಿಳಿದವು.

ಖಬರಸ್ತಾನದ ಒಂದು ಅಂಚಿಗೆ ಕರೆದುಕೊಂಡು ಹೋದ. ಅಲ್ಲಿ ಗಾರೆಯ ಗಿಲಾಯಿ ಮಾಡದ ಇಟ್ಟಿಗೆಯ ಗೂಡುಗಳು ಸಾಲಾಗಿದ್ದವು, ಮೊಣಕಾಲೆತ್ತರ. ಅಲ್ಲಿಯವರು ತಮ್ಮವರನ್ನು ಮುಂದೆ ತಮ್ಮ ಪುಣ್ಯಕ್ಷೇತ್ರ ಕರಬಲಾಕ್ಕೆ ಒಯ್ಯುವುದಕ್ಕೆಂದು ಹೀಗೆ ಇಟ್ಟಿರುತ್ತಾರೆ. ಒಂದೊಂದನ್ನೂ ಸಲಿಕೆಯಿಂದ ಮೆಲ್ಲಗೆ ತಟ್ಟಿ "ಅಮಾನತ್, ಅಮಾನತ್" ಎನ್ನುತ್ತ ನಡೆದ. ಮಾಮಾ ಹಿಂದೆಯೇ ಪ್ರತಿಯೊಂದಕ್ಕೂ ಬಗ್ಗಿ, ಇದೇ ಏನು, ಇದೇ ಏನು ಎಂದು ಕೇಳುತ್ತ ಹೋದ. ಸಾಲು ಮುಗಿಯಿತು. ಕಾವಲುಗಾರ ತಲೆಯಲ್ಲಾಡಿಸಿ, ಇನ್ನೊಂದು ಮೂಲೆಗೆ ನಡೆದ. ಅಲ್ಲಿ ಉದ್ದಕ್ಕೆ ಕುಸಿದ ನೆಲ, ಕಲ್ಲಿಲ್ಲ, ಗುರುತಿಲ್ಲ, ಜವಳು ಹುಲ್ಲು ಬೆಳೆದಿತ್ತು. ಸಲಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದು ತೋರಿಸಿದ.

"ಹಿಂದೂಸ್ತಾನಿ" ಅಂದ. ಎರಡೂ ಕೈಬೆರಳು ಬಿಡಿಸಿ, ಮಡಚಿ, ಮತ್ತೆ ಬಿಡಿಸಿದ. "ಅಮಾನತ್ ನಬೂದ್." ಒಂದು ಹಿಡಿ ಮಣ್ಣು ತೆಗೆದು ಮಾಮಾನ ಮುಂದೆ ಹಿಡಿದ. "ಖಾಕ್."

ಅಮಾನತ್ತಾಗಿರಲಿಲ್ಲ, ಮಣ್ಣು. ಯಾವ ದುಭಾಷಿಯೂ ಬೇಕಾಗಲಿಲ್ಲ.

ಮಾಮಾ ನನ್ನ ಕಡೆ ತಿರುಗಿದ. "ಕಾಗದ ಐತೇನು ನಿನ್ನ ಹಂತ್ಯಾಕ?"

ಇತ್ತು. ಜೇಬಿನಲ್ಲೇ ಇತ್ತು.

"ಓದು. ಇದ್ದದ್ದನ್ನಷ್ಟ ಓದು."

ಕಂದಕದ ಪಕ್ಕದಲ್ಲಿ ನಿಂತು ಓದಿದೆ. ಒಂದಕ್ಷರ ತಿದ್ದಲಿಲ್ಲ. ನಾಲ್ಕು ಸಾಲು, ಬೇಗ ಮುಗಿಯಿತು. ಮಾಮಾ ಬೈದಿದ್ದರೆ, ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು. ಅವನು ಕುಸಿದ ನೆಲದ ಅಂಚಿಗೆ ಕುಕ್ಕರಗಾಲಿನಲ್ಲಿ ಕುಳಿತು ದುವಾ ಮಾಡಿದ. ಎದ್ದು ಹೇಳಿದ:

"ಖಜೂರಿಗೆ ಪೆಟಿಗಿ ಮಾಡಾಂವಾ. ಅವಗ ಒಂದ ಹಲಿಗಿ ಇಡಲಿಲ್ಲ ಯಾರೂ."

ಮರಳಿ

ತಿರುಗಿ ಬರುವಾಗ ಅವನು ಎಲೆಬುಟ್ಟಿಯನ್ನು ಬಿಚ್ಚಲಿಲ್ಲ. ಎರಡನೆಯ ದಿನಕ್ಕೆ ವಾಸನೆ ಹತ್ತಿತು, ನಾಲ್ಕನೆಯ ದಿನಕ್ಕೆ ಪಕ್ಕದವರು ಗೊಣಗಿದರು. ನಾನೇ ಮಗುಚಲು ಹೋದೆ.

"ಮುಟ್ಟಬ್ಯಾಡ" ಅಂದ. ಅಷ್ಟು ದಿನಗಳಲ್ಲಿ ಅವನು ನನ್ನೊಂದಿಗೆ ಆಡಿದ ಮೊದಲ ಮಾತು. ಆದರೆ ನನ್ನ ಪೂಜೆಯ ನೀರು ಮಾತ್ರ ದಿನಾ ತೆಗೆದಿಡುತ್ತಿದ್ದ. ಮುಂಬಯಿ ಕಾಣುವಾಗ ಬುಟ್ಟಿಯನ್ನು ಸಮುದ್ರಕ್ಕೆ ಬಿಟ್ಟ.

ರೈಲಿನಲ್ಲಿ ಹೇಳಿದೆ, "ಮಾಮಾ, ಅಮ್ಮನ ಮುಂದ ನಾನ ಎಲ್ಲಾ ಹೇಳತೇನಿ. ಕಾಲ ಹಿಡಿತೇನಿ."

"ಹೇಳಿ ನೀ ಹಗುರ ಆಗ್ತೀ. ಅಕಿ?" ಅಂದ. ಕಿಡಕಿಯ ಕಡೆ ತಿರುಗಿಕೊಂಡ. "ಒಮ್ಮೆ ಹೌದಂದೀ. ಇನ್ನ ಅಕಿ ಇರೂತನಾ ಹೌದ ಅನ್ನು. ಇದು ನಿನಗ ನಾ ಕೊಡೂ ಶಿಕ್ಷಾ ಅಂತ ತಿಳಕೋ."

ಸವಣೂರಿನಲ್ಲಿ ಜೈನಾಬಿ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಹಿಂದೆ ಪೆಟ್ಟಿಗೆ ಬರುತ್ತದೆಯೇ ಎಂದು ಓಣಿಯ ತುದಿ ನೋಡಿದಳು.

"ಸರಕಾರ ಬಿಡಲಿಲ್ಲಮ್ಮಾ. ಸಾಹೇಬ ಒಪ್ಪಲಿಲ್ಲ" ಅಂದೆ. ಆ ಒಳ್ಳೆಯ ಮನುಷ್ಯನ ತಲೆಗೆ ಕಟ್ಟಿದೆ. ಮಾಮಾ ನೆಲ ನೋಡುತ್ತಿದ್ದ.

ಅವಳು ನನ್ನನ್ನು ಒಳಗೆ ಕರೆದಳು. "ವಾಯಿದೆ ಮುಗೀತದಲ್ಲೋ ತಮ್ಮಾ. ಇನ್ನೊಂದ ವರ್ಷ ಇಟಗೊಳ್ರಿ ಅಂತ ನೀ ಬರದ ಕೊಡು. ನಾ ಹೆಬ್ಬಟ್ಟ ಒತ್ತತೇನಿ."

ಬರೆದೆ. ಮಹಬೂಬ ವಲ್ದ ಅಬ್ದುಲಸಾಬ ಇವನನ್ನು ಇನ್ನೂ ಒಂದು ವರ್ಷ ಅಮಾನತ್ತಿನಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ. ಅವಳು ಶಾಯಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದಳು. ಅಂಚೆಗೆ ಹಾಕುತ್ತೇನೆಂದು ತಂದು ನನ್ನ ಪೆಟ್ಟಿಗೆಯಲ್ಲಿಟ್ಟೆ. ಯಾರ ವಿಳಾಸಕ್ಕೆ ಹಾಕಲಿ?

ಚೌಕಶಿಯಲ್ಲಿ ನಾನು ನಿರ್ದೋಷಿ ಎಂದಾಯಿತು. ದಫ್ತರ ಬೇರೆ ಕಪಾಟಿನಲ್ಲಿ ಸಿಕ್ಕಿತಂತೆ. ನನ್ನನ್ನು ಅಮಾನತ್ತಿನಿಂದ ತೆಗೆದು ಮತ್ತೆ ಹಾನಗಲ್ಲಿಗೆ ಹಾಕಿದರು. ವರ್ಷಕ್ಕೊಮ್ಮೆ ರಜೆ ಹಾಕಿ ಬಂದು ಅರ್ಜಿ ಬರೆಯುತ್ತಿದ್ದೆ. ಯುದ್ಧ ಸುರುವಾಗಿ ಹಡಗು ನಿಂತವು, ಯುದ್ಧ ಮುಗಿಯಿತು, ದೇಶ ಎರಡಾಯಿತು. ಅವಳು ಏನೂ ಕೇಳಲಿಲ್ಲ, ಹೆಬ್ಬೆಟ್ಟು ಒತ್ತಿದಳು. ಪ್ರತಿ ಮಳೆಗಾಲದಲ್ಲಿ ಖಬರಸ್ತಾನದ ಕುಣಿ ತುಂಬಿಕೊಳ್ಳುತ್ತಿತ್ತು. ಮಳೆ ನಿಂತ ಮೇಲೆ ಮತ್ತೆ ತೋಡಿಸುತ್ತಿದ್ದಳು.

ಸವಣೂರು ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ ನಾನು ಅರ್ಜಿಯನ್ನು ಹಾನಗಲ್ಲಿನಲ್ಲೇ ಬರೆದುಕೊಂಡು ಹೊರಟೆ. ಓಣಿಗೆ ಬಂದಾಗ ಜೈನಾಬಿಯ ಹೆಣದ ಡೋಲಿ ಎತ್ತುತ್ತಿದ್ದರು. ಬೆಳಗಿನ ಜಾವ ಹೋಗಿದ್ದಳು.

ಖಬರಸ್ತಾನದಲ್ಲಿ ಇಬ್ಬರು ಹೊಸ ಜಾಗ ಗುರುತು ಮಾಡಿ ಗುದ್ದಲಿ ಎತ್ತಿದ್ದರು. ಮಾಮಾ ಅವರನ್ನು ತಡೆದ. ಕೋಲೂರಿಕೊಂಡು ಅವಳ ಗಂಡನ ಗೋರಿಯ ಪಕ್ಕಕ್ಕೆ ಹೋದ.

"ಬ್ಯಾರೇದ ತೋಡಬ್ಯಾಡ್ರಿ. ಇದು ತಯಾರ ಐತಿ" ಅಂದ. ನನ್ನ ಮುಖ ನೋಡಲಿಲ್ಲ.

ಆ ಕುಣಿಯನ್ನೇ ಆಳ ಮಾಡಿ ಅವಳನ್ನು ಅದರಲ್ಲಿ ಇಳಿಸಿದರು. ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಬಗ್ಗಿದಾಗ ಜೇಬಿನಲ್ಲಿ ಕಾಗದ ಸಪ್ಪಳ ಮಾಡಿತು. ಆ ವರ್ಷದ ಅರ್ಜಿ, ತಾರೀಖು ಸಹಿತ ಬರೆದಾಗಿತ್ತು. ಕೆಳಗೆ ಅವಳ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದೆ.